ದೊಡ್ಡ ಸರ್ ನೋಡುತ್ತಿದ್ದ ಪರದೆಗಳು

ದೊಡ್ಡ ಸರ್ ಬಿಸ್ಕತ್ತನ್ನು ಚಹಾದಲ್ಲಿ ಅದ್ದಿ ತಿನ್ನುತ್ತಿದ್ದರು. ಅದೇ ಬೆರಳನ್ನು ಕಂಪ್ಯೂಟರಿನ ಪರದೆಗೆ ಒತ್ತಿ, "ಇಲ್ನೋಡಿ, ಇಲ್ಲಿ" ಎನ್ನುತ್ತಿದ್ದರು. ಬೆರಳೆತ್ತಿದ ಮೇಲೂ ಗಾಜಿನ ಮೇಲೆ ಜಿಡ್ಡಿನ ಗುರುತೊಂದು ಉಳಿಯುತ್ತಿತ್ತು. ದಿನಾ ಅದನ್ನು ಒರೆಸುವ ಕೆಲಸ ಲ್ಯಾಬ್ ಮೇಡಂ ಪಾಲಿನದು. ಒರೆಸಿದ ಬಟ್ಟೆಯನ್ನು ಅವಳು ಎರಡು ಬೆರಳಲ್ಲಿ ಹಿಡಿದು ಸಿಂಕಿಗೆ ಒಯ್ಯುತ್ತಿದ್ದಳು, ಆಮ್ಲ ಒರೆಸಿದ ಬಟ್ಟೆಯನ್ನು ಹಿಡಿಯುವ ಹಾಗೆ.

ರಸಾಯನಶಾಸ್ತ್ರ ವಿಭಾಗದ ಪ್ರಯೋಗಾಲಯ ನೋಡಿಕೊಳ್ಳುವ ಅವಳನ್ನು ಎಲ್ಲರೂ ಕರೆಯುವುದೇ ಲ್ಯಾಬ್ ಮೇಡಂ ಎಂದು. ಅವಳ ಹುದ್ದೆ ವರ್ಷದಿಂದ ವರ್ಷಕ್ಕೆ ಮುಂದುವರಿಯಬೇಕಾದರೆ ವಿಭಾಗದ ಮುಖ್ಯಸ್ಥರಾದ ದೊಡ್ಡ ಸರ್ ಸಹಿ ಹಾಕಬೇಕು. ಗಾಜಿನ ಸಾಮಾನುಗಳ ಜೊತೆಗೆ ಈಗ ವರ್ಚುವಲ್ ಡೆಸ್ಕ್‌ಟಾಪುಗಳ ಉಸ್ತುವಾರಿಯೂ ಅವಳದೇ. ವಿದ್ಯಾರ್ಥಿಗಳು ಮನೆಯಲ್ಲೇ ಕೂತು ತಮ್ಮ ಹಳೆಯ ಲ್ಯಾಪ್‌ಟಾಪಿನಿಂದ ಲಾಗಿನ್ ಆಗುತ್ತಾರೆ. ಅವರ ಮುಂದೆ ಇರುವುದು ಬರಿ ಚಿತ್ರ. ನಿಜವಾದ ಕೆಲಸ ನಡೆಯುವುದು ವಿಶ್ವವಿದ್ಯಾಲಯದ ನೆಲಮಾಳಿಗೆಯಲ್ಲಿ, ತಣ್ಣನೆಯ ಕೋಣೆಯೊಳಗೆ ಗುಂಯ್‌ಗುಡುವ ಯಂತ್ರಗಳಲ್ಲಿ. ಪಾಠಕ್ಕೆ ಬೇಕಾದ ದುಬಾರಿ ಸಾಫ್ಟ್‌ವೇರ್ ಇರುವುದೂ ಅಲ್ಲೇ. ಯಾರಾದರೂ ದಾರಿ ತಪ್ಪಿದರೆ ಕಲಿಸುವವರು ತಮ್ಮ ಕೋಣೆಯಿಂದಲೇ ಅವರ ಪರದೆಯನ್ನು ನೋಡಿ ತಿದ್ದಬಹುದು. ಆದರೆ ನೋಡುವ ಮೊದಲು ವಿದ್ಯಾರ್ಥಿಯ ಎದುರು ಒಂದು ಪುಟ್ಟ ಚೌಕ ಏಳುತ್ತದೆ: ಇಂಥವರು ನಿಮ್ಮ ಪರದೆ ನೋಡಬೇಕೆಂದಿದ್ದಾರೆ, ಆಗಬಹುದೇ? ಆಗಲಿ ಎಂದರೆ ಮಾತ್ರ ಕಾಣುತ್ತದೆ.

ಕಿರುಪರೀಕ್ಷೆಯ ಹೊತ್ತಿನಲ್ಲಿ ಆ ಚೌಕ ಪದೇ ಪದೇ ಎದ್ದು ಹುಡುಗರ ಗಮನ ಕೆಡಿಸುತ್ತದೆ ಎಂದು ದೊಡ್ಡ ಸರ್ ಹೇಳಿದ್ದರು. ಸರಿಯೆನಿಸಿ ಲ್ಯಾಬ್ ಮೇಡಂ ಅದನ್ನು ತೆಗೆದಿದ್ದಳು. ಪರೀಕ್ಷೆ ಮುಗಿಯಿತು. ಬರ್ನರ್ ಆರಿಸಿದೆನೋ ಇಲ್ಲವೋ ಎಂದು ಗೇಟಿನಿಂದ ತಿರುಗಿ ಬರುವ ಹೆಣ್ಣು ಇದೊಂದನ್ನು ಮರಳಿ ಹಾಕಲು ಮರೆತಳು.

ಮರೆಯದವರು ದೊಡ್ಡ ಸರ್.

"ಬನ್ನಿ ಮೇಡಂ, ಇವತ್ತಿನ ಸಿನಿಮಾ ಶುರುವಾಗಿದೆ" ಎಂದರು ಆ ಮಧ್ಯಾಹ್ನ. ಪಕ್ಕದ ವಿಭಾಗದ ಮೇಷ್ಟ್ರು ಆಗಲೇ ಕುರ್ಚಿ ಎಳೆದುಕೊಂಡು, ಚಹಾದ ಲೋಟ ಹಿಡಿದು ಕೂತಿದ್ದರು.

"ಇವನನ್ನ ನೋಡಿ. ಒಂದೇ ಗುಂಡಿ ಒತ್ತುತ್ತಾ ಕೂತಿದಾನೆ. ಲಿಫ್ಟ್ ಬರ್ಲಿ ಅಂತ ಕಾಯೋರ ಥರ!"

"ಆ ಇನ್ನೊಬ್ಬಳದು ತೆಗೀರಿ ಸರ್, ನಿನ್ನೆ ತೋರಿಸಿದ್ರಲ್ಲ" ಎಂದರು ಮೇಷ್ಟ್ರು.

"ಅವಳಾ? ಅವಳಿಲ್ದೆ ಚಹಾ ಹೇಗೆ ಇಳಿಯುತ್ತೆ?"

ಪರದೆ ಬದಲಾಯಿತು. ಬಲಗಡೆ ಒಂದು ರಾಸಾಯನಿಕದ ರೋಹಿತ, ಅಂದರೆ ಸ್ಪೆಕ್ಟ್ರಮ್: ಬೆಟ್ಟದ ಸಾಲಿನ ಹಾಗೆ ಎದ್ದ ಗೆರೆಗಳು. ಎಡಗಡೆ ಮೂಲೆಯಲ್ಲಿ ಸಣ್ಣದೊಂದು ಕಿಟಕಿ. ಅದರಲ್ಲಿ ಅಕ್ಷರಗಳು ತಡವರಿಸುತ್ತ ಮೂಡುತ್ತಿದ್ದವು. ದೊಡ್ಡ ಸರ್ ಧ್ವನಿ ಸಣ್ಣಗೆ ಮಾಡಿ, ಕುತ್ತಿಗೆ ಕೊಂಕಿಸಿ ಓದಿದರು:

"'ಈ ಗೆರೆ ಯಾಕೆ ಎರಡಾಗಿ ಸೀಳಿದೆ? ಪಕ್ಕದಲ್ಲಿ ಎಷ್ಟು ಹೈಡ್ರೋಜನ್ ಇದೆ, ಎಣಿಸು. ಅಲ್ಲ ಕಣೇ ದಡ್ಡಿ, ಆ ಪಕ್ಕ ಅಲ್ಲ. ನಿಧಾನ. ಅಳಬೇಡ.' ಅಳಬೇಡವಂತೆ ರೀ! ತನಗೆ ತಾನೇ ಲಾಲಿ ಹಾಡ್ಕೋತಾಳೆ!"

ಮೇಷ್ಟ್ರಿಗೆ ಚಹಾ ನೆತ್ತಿಗೇರಿತು. ಲ್ಯಾಬ್ ಮೇಡಂ ಕೂಡ ನಕ್ಕಳು. ದೊಡ್ಡ ನಗುವೇನಲ್ಲ, ಮೇಲಿನವರ ಮುಂದೆ ತುಟಿಯ ತುದಿಯಿಂದ ಒಪ್ಪಿಸುವಂಥದ್ದು. ಅಷ್ಟರಲ್ಲಿ ಪರದೆಯ ಮೇಲೆ ಇನ್ನೊಂದು ಸಾಲು ಮೂಡಿತು: 'ಬೇಗ ಮುಗಿಸು. ಸಂಜೆ ಕನ್ನಡಕದಂಗಡಿ ಬಾಗಿಲು ನಾನೇ ತೆಗೀಬೇಕು.'

ತುಟಿಯ ಮೇಲಿನ ನಗು ಅಲ್ಲೇ ಹೆಪ್ಪುಗಟ್ಟಿತು. ಅದು ಅವಳ ನಾದಿನಿ.

"ಯಾವುದೋ ಅಂಗಡಿ ಹುಡುಗಿ" ಎಂದರು ದೊಡ್ಡ ಸರ್, ಮೀಸೆಯ ಮೇಲಿನ ಬಿಸ್ಕತ್ತಿನ ಪುಡಿ ಕೊಡವುತ್ತ. "ಇಂಥೋರು ಎರಡನೇ ವರ್ಷದ ಮುಖ ನೋಡಲ್ಲ."

"ಸರ್, ನಾವು ನೋಡ್ತಿರೋದು ಅವರಿಗೆ ಗೊತ್ತಾ?"

"ಗೊತ್ತಾದ್ರೆ ಇನ್ನೇನು ಮಜಾ? ಕೇಳೋದನ್ನ ತೆಗೆದು ಪುಣ್ಯ ಕಟ್ಕೊಂಡಿದ್ದು ನೀವೇ ಅಲ್ವಾ ಮೇಡಂ!"

ಆ ಕೃತಜ್ಞತೆ ಎಂಜಲು ಕೈಯಿಂದ ಬೆನ್ನು ತಟ್ಟಿದಂತಿತ್ತು. ಅವಳು ಎದ್ದು ಹೋಗಿ ಕೈ ತೊಳೆದಳು. ಸೋಪು ಹಾಕಿ ತೊಳೆದಳು, ಮೂಸಿ ನೋಡಿ ಮತ್ತೆ ತೊಳೆದಳು.

ನಾದಿನಿ ಓದು ಬಿಟ್ಟದ್ದು ತಂದೆ ಹಾಸಿಗೆ ಹಿಡಿದಾಗ. ಅಣ್ಣನಿಗೆ ಕಾರ್ಖಾನೆಯ ಪಾಳಿ, ಅತ್ತಿಗೆಗೆ ಪ್ರಯೋಗಾಲಯ. ಮುದುಕರ ಮಗ್ಗಲು ಬದಲಿಸಿ, ಗಂಜಿ ಕುಡಿಸಿ, ಗಾಯ ತೊಳೆದವಳು ಅವಳೇ. ಆ ಕೋಣೆಯಲ್ಲಿ ಮಾತಾಡಲು ಇನ್ನಾರೂ ಇಲ್ಲದೆ ತನ್ನ ಜೊತೆ ತಾನೇ ಮಾತಾಡುವುದು ರೂಢಿಯಾಯಿತು. ತಂದೆ ತೀರಿಕೊಂಡ ಮೇಲೆ ಮತ್ತೆ ಸೇರಿದಾಗ ತರಗತಿಯ ಹುಡುಗರೆಲ್ಲ ಅವಳನ್ನು ಅಕ್ಕಾ ಎಂದರು. ಮೊದಲ ವಾರವೇ ಲ್ಯಾಪ್‌ಟಾಪ್ ಮುಚ್ಚಿ, "ನನ್ನ ಕೈಲಾಗಲ್ಲ ಅತ್ತಿಗೆ, ತಲೆಗೆ ತುಕ್ಕು ಹಿಡಿದಿದೆ" ಎಂದಿದ್ದಳು. ಆಮೇಲೆ, ಅತ್ತಿಗೆಗೂ ಹೇಳದೆ, ಪರದೆಯ ಮೂಲೆಯಲ್ಲಿ ಆ ಕಿಟಕಿ ತೆರೆದಳು. ಬೈದುಕೊಂಡು, ಸಮಾಧಾನ ಹೇಳಿಕೊಂಡು ಬರೆಯುತ್ತ ಹೋದಂತೆ ಗಂಟು ಸಡಿಲಾಗುತ್ತಿತ್ತು. ಅದನ್ನು ಓದಿ ನಗುವವರಿದ್ದಾರೆಂದು ತಿಳಿದರೆ ಲ್ಯಾಪ್‌ಟಾಪ್ ಮತ್ತೆ ಮುಚ್ಚುತ್ತದೆ, ಈ ಸಲ ಶಾಶ್ವತವಾಗಿ. ಲ್ಯಾಬ್ ಮೇಡಂಗೆ ಅದರಲ್ಲಿ ಅನುಮಾನವಿರಲಿಲ್ಲ.

ಚೌಕವನ್ನು ಮರಳಿ ಹಾಕಿದರೆ ಅದು ನಾದಿನಿಯ ಎದುರು ದೊಡ್ಡ ಸರ್ ಹೆಸರು ಹೊತ್ತು ಏಳುತ್ತದೆ, ಪ್ರಶ್ನೆಗಳೂ ಏಳುತ್ತವೆ. ಹಾಕದಿದ್ದರೆ ಸಿನಿಮಾ ನಡೆಯುತ್ತದೆ. ನೇರವಾಗಿ ಹೋಗಿ, ಸರ್, ಅವಳು ನಮ್ಮ ಮನೆಯ ಹುಡುಗಿ ಎಂದುಬಿಟ್ಟರೆ? ಅವರು ನಾಲಿಗೆ ಕಚ್ಚಿಕೊಂಡು ಇವಳೊಬ್ಬಳನ್ನು ಬಿಡುತ್ತಾರೆ, ಉಳಿದವರನ್ನು ನೋಡುತ್ತಲೇ ಇರುತ್ತಾರೆ. ಅಷ್ಟಾದರೆ ಸಾಕು ಎಂದು ಬಸ್ಸಿನಲ್ಲಿ ಕೂತವಳಿಗೆ ಒಂದು ಕ್ಷಣ ಅನಿಸಿತು. ಅನಿಸಿದ್ದಕ್ಕೇ ಹೇಸಿಗೆಯಾಯಿತು.

ಮರುದಿನ ಬೆಳಗ್ಗೆ ಬಂದವಳೇ ಮೊದಲು ಚೌಕವನ್ನು ಮರಳಿ ಹಾಕಿದಳು.

ಮಧ್ಯಾಹ್ನ ದೊಡ್ಡ ಸರ್ ಗೊಣಗಿದರು. "ಏನ್ರೀ ಇದು, ಕಾಯಿರಿ ಅಂತಿದೆ?"

"ಕೇಳೋದನ್ನ ವಾಪಸ್ ಹಾಕಿದೀನಿ ಸರ್. ಪರೀಕ್ಷೆ ಮುಗೀತಲ್ಲ."

ಅವರ ಮುಖ ಇಳಿಯಿತು. ಆದರೆ ಹೆಚ್ಚು ಹೊತ್ತಲ್ಲ. ನಿನ್ನೆ ಗುಂಡಿ ಒತ್ತುತ್ತಿದ್ದ ಹುಡುಗನ ಪರದೆ ತೆರೆದುಕೊಂಡಿತು. ಇನ್ನೊಂದು ತೆರೆಯಿತು. ಮತ್ತೊಂದು. ಯಾರೂ ಬೇಡ ಎನ್ನಲಿಲ್ಲ, ತಡ ಕೂಡ ಮಾಡಲಿಲ್ಲ.

"ನೋಡಿದ್ರಾ?" ಎಂದರು ದೊಡ್ಡ ಸರ್ ಹಲ್ಲು ಕಿರಿದು. "ಅಂಕ ಹಾಕೋನು ಬಾಗಿಲು ತಟ್ಟಿದ್ರೆ ಒಳಗಿಂದ ಚಿಲಕ ಹಾಕೋರು ಯಾರ್ರೀ?"

ಕದ್ದು ನೋಡುವಾಗ ಅವರಿಗೆ ಒಂದಿಷ್ಟಾದರೂ ಅಳುಕಿತ್ತು ಎಂದುಕೊಂಡಳು ಲ್ಯಾಬ್ ಮೇಡಂ. ಈಗ ಅದಕ್ಕೆ ಒಪ್ಪಿಗೆಯ ಮುದ್ರೆಯೂ ಬಿತ್ತು, ಅದನ್ನು ತಂದುಕೊಟ್ಟವಳೂ ತಾನೇ. ನಾದಿನಿಯ ಪರದೆಯೂ ತೆರೆಯಿತು. ಮೂಲೆಯ ಕಿಟಕಿ ಇರಲಿಲ್ಲ. ರೋಹಿತವೊಂದೇ, ಅದರ ಮೇಲೆ ಬಾಣದ ಗುರುತು ಗೆರೆಯಿಂದ ಗೆರೆಗೆ ಸುಮ್ಮನೆ ಅಲೆಯುತ್ತಿತ್ತು.

"ಥತ್, ಇವಳ ಲಾಲಿ ನಿಂತೋಯ್ತು" ಎಂದರು ಮೇಷ್ಟ್ರು.

ರಾತ್ರಿ ಅಂಗಡಿಯಿಂದ ಬಂದ ನಾದಿನಿ ಚಪ್ಪಲಿ ಬಿಡುವ ಮೊದಲೇ ಶುರು ಮಾಡಿದಳು. "ಅತ್ತಿಗೆ, ಇವತ್ತು ದೊಡ್ಡ ಸರ್ ನನ್ನ ಸ್ಕ್ರೀನ್ ನೋಡ್ಲಾ ಅಂತ ಕೇಳಿದ್ರು! ಜೀವ ಬಾಯಿಗೆ ಬಂತು. ನೆಂಟರು ಬಂದಾಗ ಹರಡಿದ್ದನ್ನೆಲ್ಲ ಮಂಚದ ಕೆಳಗೆ ತಳ್ತೀವಲ್ಲ, ಹಂಗೆ ಬರೆದಿದ್ದೆಲ್ಲ ಅಳಿಸ್ಬಿಟ್ಟೆ."

"ಆಮೇಲೆ?"

"ಆಮೇಲೇನು, ತಲೆ ಖಾಲಿ. ಲೆಕ್ಕ ಅಲ್ಲಿಗೇ ನಿಂತೋಯ್ತು. ಅಷ್ಟೊತ್ತು ನೋಡಿದ್ರೂ ಒಂದು ಮಾತು ಬೈಲಿಲ್ಲ. ಒಳ್ಳೆಯವರು ಅನ್ಸುತ್ತೆ."

ಲ್ಯಾಬ್ ಮೇಡಂಗೆ ಆ ಮಾತನ್ನು ನುಂಗಲಾಗಲಿಲ್ಲ. "ಇಲ್ಲಿ ಕೂತ್ಕೊಳ್ಳೇ" ಎಂದಳು. ಚೌಕ ತೆಗೆದದ್ದು, ಮರೆತದ್ದು, ಚಹಾ, ಸಿನಿಮಾ, ಸಣ್ಣ ಧ್ವನಿ, ಎಲ್ಲವನ್ನೂ ಹೇಳಿದಳು. ನಾದಿನಿ ಲ್ಯಾಪ್‌ಟಾಪಿನಲ್ಲಿ ಕಿತ್ತುಹೋಗಿದ್ದ ಕೀಲಿಯ ಗುಳಿಯನ್ನು ಉಗುರಿನಿಂದ ಕೆರೆಯುತ್ತ ಕೇಳಿದಳು.

"ಅಳಬೇಡ ಅಂತ ಬರ್ದಿದ್ದೂ ಓದಿದ್ರಾ?"

"ಓದಿದ್ರು."

"ಎಲ್ಲರಿಗೂ ಕೇಳೋ ಹಂಗೆ?"

"ಹೂಂ."

"ನೀವೂ ಅಲ್ಲೇ ಇದ್ರಾ?"

"ಇದ್ದೆ."

"ನಕ್ರಾ?"

ಇಲ್ಲ ಎಂದುಬಿಡಬಹುದಿತ್ತು. ಯಾರೂ ಬಂದು ಸಾಕ್ಷಿ ಹೇಳುತ್ತಿರಲಿಲ್ಲ. "ನಕ್ಕೆ. ನೀನು ಅಂತ ಗೊತ್ತಾಗೋ ಮುಂಚೆ."

"ಬೇರೆ ಯಾರೋ ಆಗಿದ್ರೆ ನಗಬಹುದಿತ್ತಾ ಅತ್ತಿಗೆ?"

ಉತ್ತರಕ್ಕೆ ಕಾಯದೆ ನಾದಿನಿ ಬಚ್ಚಲಿಗೆ ಹೋದಳು. ನೀರು ಬಹಳ ಹೊತ್ತು ಸುರಿಯಿತು. ಹೊರಬಂದಾಗ ಮುಖ ಕೆಂಪಗೆ ತಿಕ್ಕಿದಂತಿತ್ತು, ಯಾರೋ ಮೆತ್ತಿ ಹೋದದ್ದನ್ನು ಕಿತ್ತು ತೆಗೆದ ಹಾಗೆ. ಊಟಕ್ಕೆ ಕೂತರೂ ತಟ್ಟೆಯಿಂದ ತಲೆ ಎತ್ತಲಿಲ್ಲ. ಏನಾಯ್ತು ಎಂದು ಅಣ್ಣ ಕೇಳಿದ್ದಕ್ಕೆ, "ಏನಿಲ್ಲ, ಅತ್ತಿಗೇನ ಕೇಳು" ಎಂದಳು.

ಮರುದಿನ ಲ್ಯಾಬ್ ಮೇಡಂ ಅರ್ಧ ದಿನ ರಜೆ ಹಾಕಿ ಮನೆಗೆ ಬಂದಳು. ಲ್ಯಾಪ್‌ಟಾಪ್ ತೆರೆಯುತ್ತದೋ ಇಲ್ಲವೋ ಎಂಬುದೊಂದೇ ತಲೆಯಲ್ಲಿ ಕೊರೆಯುತ್ತಿತ್ತು. ನಾದಿನಿ ಮೇಜಿನ ಮುಂದೆ ಕೂತಿದ್ದಳು. ಮುಚ್ಚಳ ಎತ್ತಿದಳು, ಲಾಗಿನ್ ಆದಳು, ರೋಹಿತ ತೆರೆದಳು. ಮೂಲೆಯ ಕಿಟಕಿಯನ್ನೂ ತೆರೆದಳು. ಒಂದು ಸಾಲು ಬರೆಯುವಷ್ಟರಲ್ಲಿ ಚೌಕ ಎದ್ದಿತು.

ದೊಡ್ಡ ಸರ್ ಹೆಸರನ್ನು ಅವಳು ದಿಟ್ಟಿಸಿದಳು. ಪ್ರಾಯೋಗಿಕ ಪರೀಕ್ಷೆಯ ಅಂಕ ಪೂರ್ತಿ ಅವರ ಕೈಯಲ್ಲಿತ್ತು. ಬೇಡ ಎಂಬುದನ್ನು ಒತ್ತಿದಳು. ಚೌಕ ಮತ್ತೆ ಎದ್ದಿತು. ಮತ್ತೆ ಒತ್ತಿದಳು, ಈ ಸಲ ತಿಗಣೆ ಹೊಸಕಿದ ಹಾಗೆ.

ಲ್ಯಾಬ್ ಮೇಡಂ ಫೋನು ಬಡಿದುಕೊಂಡಿತು.

"ಮೇಡಂ, ಆ ಅಂಗಡಿ ಹುಡುಗಿ ಬೇಡ ಅಂತಿದಾಳೆ ರೀ! ಎಷ್ಟು ಕೊಬ್ಬು! ಆ ಕೇಳೋದನ್ನ ತೆಗೆದುಹಾಕಿ ಮೊದಲು."

"ಆಗಲ್ಲ ಸರ್."

"ಆಗಲ್ಲ ಅಂದ್ರೆ? ಹೋದ್ಸಲ ಆಯ್ತಲ್ಲ?"

"ತೆಗೆಯೋಕೆ ಆಗುತ್ತೆ. ನಾನು ತೆಗೆಯಲ್ಲ."

ಆ ಕಡೆ ಏನನ್ನೋ ಅಗಿಯುವ ಸದ್ದು ನಿಂತಿತು. "ನಿಮ್ಮ ಫೈಲು ನನ್ನ ಮೇಜಿನ ಮೇಲೇ ಇದೆ, ಗೊತ್ತಲ್ಲ?"

"ಗೊತ್ತು ಸರ್" ಎಂದು ಅವಳು ಫೋನಿಟ್ಟಳು. ನಾದಿನಿ ಈಗಲಾದರೂ ತಿರುಗಿ ನೋಡಿಯಾಳು ಎಂದು ನಿಂತಳು.

ನಾದಿನಿ ತಿರುಗಲಿಲ್ಲ. "ಅತ್ತಿಗೆ, ನೀವು ಆ ಕಡೆ ಹೋಗಿ ಕೂತ್ಕೊಳ್ಳಿ" ಎಂದಳು. "ನೀವು ನಿಂತಿರೋ ಕಡೆಯಿಂದ ನನ್ನ ಸ್ಕ್ರೀನ್ ಕಾಣುತ್ತೆ."

ಲ್ಯಾಬ್ ಮೇಡಂ ಕುರ್ಚಿ ಎತ್ತಿಕೊಂಡು ಮೇಜಿನ ಆಚೆ ಬದಿಗೆ ಹೋಗಿ ಕೂತಳು. ಸ್ವಲ್ಪ ಹೊತ್ತಿಗೆ ಕೀಲಿಗಳು ಟಕಟಕ ಎನ್ನತೊಡಗಿದವು, ಮೊದಲು ನಿಂತು ನಿಂತು, ಆಮೇಲೆ ನಿಲ್ಲದೆ.