ಏಣಿಯ ಕೈ ಮೇಲೆ ನಾಲ್ಕು ಬೆರಳು

"ಹೌದೋ ಅಲ್ವೋ, ಒಂದೇ ಮಾತಲ್ಲಿ ಹೇಳಿ ಮೇಸ್ತ್ರಿ. ಈ ಕೋಲನ್ನ ಕೊಯ್ದಿದಾರೋ ಇಲ್ವೋ?"

ಲೀಗ್‌ನ ಕಾರ್ಯದರ್ಶಿ ಮೇಡಂ ಪೆನ್ನಿನ ಮುಚ್ಚಳ ತೆಗೆದುಕೊಂಡೇ ಕೇಳಿದರು. ಉದ್ದನೆಯ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ, ಆಪರೇಷನ್‌ಗೆ ತಂದ ರೋಗಿಯ ಹಾಗೆ ಆ ತೇಗದ ಅಳತೆಗೋಲನ್ನು ಮಲಗಿಸಿದ್ದರು. ಅದರ ತಲೆಯ ಕಡೆ ಲೀಗ್ ಅಧ್ಯಕ್ಷರು ಕೂತಿದ್ದರು. ಕಾಲಿನ ಕಡೆ, ಗೋಡೆಗೆ ಒತ್ತಿದ ಕುರ್ಚಿಯಲ್ಲಿ, ಆರೋಪ ಹೊತ್ತ ಕೋಚ್. ಉದ್ದಕ್ಕಿದ್ದಾನೆಂದು ಅವನಿಗೆ ಹರೆಯದಲ್ಲಿ ಅಂಟಿದ ಹೆಸರು ಏಣಿ. ಮಂಡಿ ನೋವು, ಬಿಳಿ ಕೂದಲು ಬಂದ ಮೇಲೂ ಅದು ಬಿಟ್ಟುಹೋಗಿರಲಿಲ್ಲ. ಮೇಸ್ತ್ರಿಯನ್ನು ಏಣಿ ಕರೆಯುತ್ತಿದ್ದುದು ಮೊಳೆ ಎಂದು. ಆಳು ಗಿಡ್ಡ, ಮೇಲಾಗಿ ಬಡಗಿಯ ಮಗ. ಎರಡಕ್ಕೂ ಸೇರಿ ಒಂದೇ ಹೆಸರು ಸಾಕಾಗಿತ್ತು.

ಹಗರಣ ಎಂದು ಪತ್ರಿಕೆಗಳು ಹದಿನೈದು ದಿನದಿಂದ ಬರೆಯುತ್ತಿದ್ದುದು ಇದನ್ನೇ. ವಾಲಿಬಾಲ್ ನೆಟ್ ಎರಡು ಮೀಟರ್ ನಲವತ್ತಮೂರು ಸೆಂಟಿಮೀಟರ್ ಎತ್ತರ ಇರಬೇಕು. ಲೀಗ್‌ನ ಹತ್ತು ತಂಡಗಳಿಗೆ ಹತ್ತು ಹಾಲ್‌ಗಳು, ಪ್ರತಿ ಹಾಲ್‌ಗೂ ಅದರದೇ ಒಂದು ಅಳತೆಗೋಲು. ಪಂದ್ಯಕ್ಕೆ ಮುಂಚೆ ರೆಫರಿ ಆ ಕೋಲನ್ನು ನೆಟ್ಟಗೆ ನಿಲ್ಲಿಸಿ, ಮೇಲಿನ ಕೆಂಪು ಗೆರೆಗೆ ನೆಟ್ಟಿನ ಅಂಚು ಕೂತಿದೆಯೇ ಎಂದು ನೋಡಿ ಸೀಟಿ ಊದುತ್ತಾನೆ. ಕೋಲಿನ ಮೇಲೆ ಲೀಗ್‌ನ ಮುದ್ರೆ ಇದ್ದುದರಿಂದ ಕೋಲನ್ನೇ ಅಳೆಯಬೇಕು ಎಂದು ಯಾರ ತಲೆಗೂ ಹೊಳೆದಿರಲಿಲ್ಲ. ಈ ವರ್ಷ ಟೀವಿಯವರು ಹೊಸ ಕ್ಯಾಮೆರಾ ತಂದರು; ಅದು ತಾನಾಗಿಯೇ ಎಲ್ಲವನ್ನೂ ಅಳೆಯುವ ಜಾತಿಯದು. ಏಣಿಯ ಹಾಲ್‌ನಲ್ಲಿ ನೆಟ್ಟು ಮೂರು ಸೆಂಟಿಮೀಟರ್ ಕೆಳಗಿದೆ ಎಂದು ಅದು ಚಾಡಿ ಹೇಳಿತು.

ಮೂರು ಸೆಂಟಿಮೀಟರ್ ಎಂದರೆ ನೋಡುವವರಿಗೆ ಏನೂ ಅಲ್ಲ. ಚೆಂಡು ಹೊಡೆಯುವವರಿಗೆ ಅದು ಬೇರೆಯೇ ಲೋಕ. ಏಣಿಯ ಹುಡುಗರು ಎತ್ತರದವರಲ್ಲ, ಆದರೆ ಆ ನೆಟ್ಟಿನ ಮೇಲೇ ವರ್ಷವಿಡೀ ಪಳಗಿದವರು. ಬಂದ ತಂಡಗಳು ಮಾತ್ರ ಹೊಡೆದದ್ದನ್ನೆಲ್ಲ ಗೆರೆಯಾಚೆ ಕಳಿಸಿ, ಆ ಹಾಲ್‌ನಲ್ಲೇ ಏನೋ ಇದೆ ಎಂದು ಗೊಣಗುತ್ತ ಬಸ್ ಹತ್ತುತ್ತಿದ್ದವು. ಒಂದು ತಂಡವಂತೂ ಮುಂಬಾಗಿಲು ಆಗಿಬರುವುದಿಲ್ಲವೆಂದು ಹಿಂಬಾಗಿಲಿನಿಂದ ಬರುತ್ತಿತ್ತು. ಹನ್ನೆರಡು ವರ್ಷದಲ್ಲಿ ಏಣಿ ಎರಡು ಕಪ್ ಗೆದ್ದಿದ್ದ.

ಹತ್ತೂ ಕೋಲುಗಳನ್ನು ಮಾಡಿಕೊಟ್ಟವನು ಮೊಳೆಯೇ ಆದ್ದರಿಂದ ಅವನನ್ನು ಕರೆಸಿದ್ದರು. ಕೊಯ್ದಿದೆ ಎಂದು ಅವನು ಸಹಿ ಹಾಕಿದರೆ ಸಾಕು, ಏಣಿಗೆ ಆಜೀವ ನಿಷೇಧ. ಕಾಗದ ಆಗಲೇ ಟೈಪಾಗಿತ್ತು. ಫೈನಲ್‌ಗೆ ಒಂಬತ್ತು ದಿನ ಉಳಿದಿತ್ತು, ಲೀಗ್‌ಗೆ ಒಂದು ತಲೆದಂಡ ಬೇಕಿತ್ತು.

ಮೊಳೆ ಕನ್ನಡಕ ಏರಿಸಿ ಕೋಲಿನ ಕಾಲನ್ನು ಬೆಳಕಿಗೆ ತಿರುಗಿಸಿದ. ತುದಿಗೆ ಹಿತ್ತಾಳೆಯ ಟೋಪಿ, ಅದನ್ನು ಹಿಡಿದ ಎರಡು ಸ್ಕ್ರೂ. ಎರಡರ ತಲೆಯ ಗೀರೂ ಕೋಲಿನ ಉದ್ದಕ್ಕೆ ಸರಿಯಾಗಿ, ನೆಟ್ಟಗೆ ನಿಂತಿದ್ದವು. ಅದು ಅವನದೇ ಕೈಕೆಲಸ. ಸ್ಕ್ರೂ ಬಿಗಿಯಾದ ಮೇಲೂ ಗೀರು ನೆಟ್ಟಗೆ ಬರುವ ತನಕ ಕೈ ತೆಗೆಯಬಾರದು ಎಂದು ಅವನ ಅಪ್ಪ ಹೊಡೆದು ಕಲಿಸಿದ್ದ. ಈಗಿನ ಕಾಲದಲ್ಲಿ ಆ ಚಪಲ ಯಾರಿಗೂ ಇಲ್ಲ. ಕಳ್ಳತನದಿಂದ ಕೊಯ್ದವನಿಗೆ ಮೊದಲೇ ಇರುವುದಿಲ್ಲ.

ತಲೆ ಎತ್ತಿದಾಗ ಏಣಿ ಅವನನ್ನೇ ನೋಡುತ್ತಿದ್ದ. ನೋಡುತ್ತ, ಬೇರೆಯವರಿಗೆ ಕಾಣದಷ್ಟು ಸಣ್ಣಗೆ, ಬೇಡ ಎಂದು ತಲೆಯಾಡಿಸಿದ. ತನ್ನ ವಿರುದ್ಧ ಹೇಳಬೇಡ ಎನ್ನುತ್ತಿದ್ದಾನೆ ಎಂದುಕೊಂಡ ಮೊಳೆ.

ಅಷ್ಟರಲ್ಲಿ ಹನ್ನೆರಡು ವರ್ಷದ ಹಿಂದಿನ ಆ ಮಧ್ಯಾಹ್ನ ತಾನಾಗಿ ಕಣ್ಣಮುಂದೆ ಬಂತು. ಹಾಲ್‌ನ ನೆಲ ತೊಳೆದ ನೀರಿನಲ್ಲಿ ನಿಂತೂ ನಿಂತೂ ಕೋಲಿನ ಬುಡ ಕೊಳೆತಿದೆ ಎಂದು ಏಣಿ ಅದನ್ನು ಹೆಗಲ ಮೇಲಿಟ್ಟುಕೊಂಡು ವರ್ಕ್‌ಶಾಪಿಗೆ ಬಂದಿದ್ದ. ಮೊಳೆ ಟೋಪಿ ಬಿಚ್ಚಿ, ಕೊಳೆತ ಮೂರು ಸೆಂಟಿಮೀಟರನ್ನು ಗರಗಸದಿಂದ ತೆಗೆದ. ಜೋಡಿಸಲು ಅಷ್ಟೇ ಉದ್ದದ ಹೊಸ ತೇಗದ ತುಂಡು ಕೊಯ್ದು, ನಡುವೆ ತೂತು ಕೊರೆದು ಪಕ್ಕದಲ್ಲಿಟ್ಟ. ಆಮೇಲೆ ಟೀ ಬಂತು. ಟೀ ಜೊತೆಗೆ, ಹರೆಯದಲ್ಲಿ ಇಬ್ಬರೂ ದುಡಿದು ಆಡಿದ ಗಿರಣಿಯ ಅಂಗಳವೂ ಬಂತು.

ಗಿರಣಿಯ ಹಿಂದಿನ ಅಂಗಳ ಎಂದರೆ ಇಬ್ಬರಿಗೂ ಲೋಕದಲ್ಲಿ ಅದಕ್ಕಿಂತ ದೊಡ್ಡ ಮೈದಾನ ಇರಲಿಲ್ಲ. ಪಾಳಿ ಮುಗಿದ ಸೈರನ್ ಆದ ಕೂಡಲೇ ಮೂಟೆ ಕಟ್ಟುವ ಹಗ್ಗದಿಂದ ಹೆಣೆದ ನೆಟ್ಟು ಎರಡು ಕಬ್ಬಿಣದ ಕಂಬದ ನಡುವೆ ಏರುತ್ತಿತ್ತು. ಅಳತೆಗೋಲು, ಟೇಪು ಒಂದೂ ಇಲ್ಲ. ಏಣಿ ನೆಟ್ಟಿನ ಕೆಳಗೆ ನಿಂತು ಕೈ ಎತ್ತುವುದು, ಅವನ ಬೆರಳ ತುದಿಯ ಮೇಲೆ ಇನ್ನೊಬ್ಬ ನಾಲ್ಕು ಬೆರಳು ಅಡ್ಡ ಇಡುವುದು, ಅಲ್ಲಿಗೆ ನೆಟ್ಟು ಕಟ್ಟುವುದು. ಗಿರಣಿಯ ಇಂಜಿನಿಯರ್ ಒಂದು ಸಲ ಟೇಪು ಹಿಡಿದು ನೋಡಿ, ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲವಲ್ಲ ಎಂದು ಬೆರಗಾಗಿದ್ದ. ಎದುರಾಳಿಗಳು ಗಿಡ್ಡರಾಗಿದ್ದ ದಿನ ಮಾತ್ರ ಏಣಿ ಮೆಲ್ಲಗೆ ಹಿಮ್ಮಡಿ ಎತ್ತುತ್ತಿದ್ದ. ಅದನ್ನು ಕಾಯಲೆಂದೇ ಮೊಳೆ ಅವನ ಕಾಲ ಬಳಿ ಕುಕ್ಕರಗಾಲಲ್ಲಿ ಕೂತು, ಹಿಮ್ಮಡಿಯ ಕೆಳಗೆ ಬೆರಳು ತೂರಿಸಿ ನೋಡಿ, "ಇಳಿಸೋ ಕಳ್ಳ!" ಎಂದು ಕೂಗುತ್ತಿದ್ದ. ಅಂಗಳಕ್ಕೆ ಅಂಗಳವೇ ನಗುತ್ತಿತ್ತು.

ಆ ಮಧ್ಯಾಹ್ನ ಮಾತು ಹೋಗಿ ನಿಂತದ್ದು ಗಿರಣಿ ಮುಚ್ಚುವ ಹಿಂದಿನ ವರ್ಷದ ಫೈನಲ್‌ಗೆ. ಕೊನೆಯ ಪಾಯಿಂಟ್. ಮೊಳೆ ಬೆನ್ನ ಹಿಂದಕ್ಕೆ ಎತ್ತಿಕೊಟ್ಟ ಚೆಂಡು, ಏಣಿಯ ಹೊಡೆತ. ಚೆಂಡು ಗೆರೆ ಮುಟ್ಟಿತ್ತು ಎಂದು ಏಣಿ, ಮುಟ್ಟಿರಲಿಲ್ಲ, ರೆಫರಿ ನಮ್ಮ ಪಾಳಿಯವನಾದ್ದರಿಂದ ಬದುಕಿದೆವು ಎಂದು ಮೊಳೆ. ವರ್ಷಗಟ್ಟಲೆ ಹಳೆಯದಾದ ಜಗಳ. ಇಬ್ಬರೂ ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಆ ನಗುವಿನ ನಡುವೆಯೇ ಮೊಳೆಯ ಕೈ ಕೋಲಿಗೆ ಟೋಪಿ ತೊಡಿಸಿತು, ಸ್ಕ್ರೂ ಬಿಗಿಸಿತು, ಗೀರು ನೆಟ್ಟಗೆ ನಿಲ್ಲಿಸಿತು. ಹೊಸ ತುಂಡು ಬೆಂಚಿನ ಮೇಲೇ ಉಳಿಯಿತು.

"ಮೇಸ್ತ್ರಿ?" ಎಂದರು ಕಾರ್ಯದರ್ಶಿ.

"ಕೊಯ್ದಿದೆ ಮೇಡಂ," ಎಂದ ಮೊಳೆ. "ಕೊಯ್ದೋನು ನಾನೇ. ರಿಪೇರಿಗೆ ಬಂದಿತ್ತು. ತುಂಡು ಜೋಡಿಸೋದು ಮರೆತೆ. ಈ ಸ್ಕ್ರೂ ನೋಡಿ, ನನ್ನ ಕೈಯೇ. ಬೇಕಾದ್ರೆ ಬೇರೆ ಒಂಬತ್ತು ಕೋಲೂ ತರಿಸಿ ನೋಡಿ."

ನಲವತ್ತು ವರ್ಷ ಬಾಗಿಲು ಕಿಟಕಿ ಮಾಡಿ ಗಳಿಸಿದ ಹೆಸರು ಒಂದು ವಾಕ್ಯದಲ್ಲಿ ಕೈಬಿಟ್ಟು ಹೋಯಿತೆಂದು ಅವನಿಗೆ ಗೊತ್ತಿತ್ತು. ನಾಚಿಕೆಯಿಂದ ಕಿವಿ ಬಿಸಿಯಾಗಿತ್ತು. ಆದರೂ ಏಣಿ ಉಳಿದನಲ್ಲ ಎಂಬ ಸಮಾಧಾನ ಅದಕ್ಕಿಂತ ದೊಡ್ಡದಾಗಿತ್ತು.

ಕಾರ್ಯದರ್ಶಿ ಕಡತ ತಿರುವಿದರು. "ಹಾಗಾದ್ರೆ ವರ್ಷಾ ವರ್ಷಾ ಈ ಕೋಲು ಸರಿಯಿದೆ ಅಂತ ಪ್ರಮಾಣಪತ್ರ ಕೊಟ್ಟೋರು ಯಾರು?"

ಅಧ್ಯಕ್ಷರು ಕೆಮ್ಮಿದರು. ಅಧ್ಯಕ್ಷರಾಗುವ ಮುಂಚೆ ಅವರೇ ತಾಂತ್ರಿಕ ಪರಿವೀಕ್ಷಕರಾಗಿದ್ದರು. ಹತ್ತು ವರ್ಷದ ಹತ್ತು ಪ್ರಮಾಣಪತ್ರದ ಕೆಳಗೂ ಅವರದೇ ಸಹಿ, ಬಾಲ ಎಳೆದ ಸಹಿ, ಎಷ್ಟು ದೂರದಿಂದಲೂ ಗುರುತು ಸಿಗುವಂಥದ್ದು.

ಆಮೇಲೆ ಕೆಲಸ ಬಹಳ ಬೇಗ ನಡೆಯಿತು. ಟೈಪಾಗಿದ್ದ ಕಾಗದ ಮಡಚಿ ಕಡತದ ತಳಕ್ಕೆ ಹೋಯಿತು. ಹೊಸ ಪ್ರಕಟಣೆ ಅರ್ಧ ಗಂಟೆಯಲ್ಲಿ ಸಿದ್ಧವಾಯಿತು: ಇದು ಉದ್ದೇಶಪೂರ್ವಕ ಮೋಸವಲ್ಲ, ಹಳೆಯ ಉಪಕರಣದ ತಾಂತ್ರಿಕ ದೋಷ, ಇನ್ನು ಮುಂದೆ ಎಲ್ಲ ಹಾಲ್‌ಗಳಿಗೂ ಸ್ಟೀಲ್ ಕೋಲು, ಕೋಚ್ ನಿರ್ದೋಷಿ. ಅಧ್ಯಕ್ಷರು ಮೊಳೆಯ ಕೈ ಕುಲುಕಿ, "ನಿಮ್ಮಂಥ ಪ್ರಾಮಾಣಿಕರು ಅಪರೂಪ," ಎಂದರು. ಆ ಕೈ ಬೆವೆತಿತ್ತು.

ಏಣಿ ಮೆಟ್ಟಿಲಿಳಿದು ಬೀದಿಯ ಟೀ ಅಂಗಡಿಯ ಬೆಂಚಿನ ಮೇಲೆ ಕೂತ ಮೇಲೂ ಲೋಟ ಹಿಡಿದು ಸುಮ್ಮನಿದ್ದ.

"ಬಾಯಿಗೆ ಬೀಗ ಹಾಕ್ಕೊಂಡಿದೀಯಲ್ಲೋ," ಎಂದ ಮೊಳೆ. "ಒಂದು ಥ್ಯಾಂಕ್ಸ್ ಹೇಳಿದ್ರೆ ನಿನ್ನ ಗಂಟೇನು ಹೋಗುತ್ತೆ?"

"ನಂಗೆ ಗೊತ್ತಿತ್ತು ಕಣೋ."

"ಏನು?"

"ನೆಟ್ಟು ಕೆಳಗಿದೆ ಅಂತ. ನೀನು ರಿಪೇರಿ ಮಾಡಿ ಕೊಟ್ಟ ಮಾರನೇ ದಿನಾನೇ." ಏಣಿ ಲೋಟದೊಳಗೆ ನೋಡುತ್ತ ಹೇಳಿದ. "ಹಳೇ ಚಾಳಿ ನೋಡು, ನೆಟ್ಟಿನ ಕೆಳಗೆ ನಿಂತ್ರೆ ಕೈ ತಾನಾಗೇ ಮೇಲೆ ಹೋಗುತ್ತೆ. ನಾಲ್ಕು ಬೆರಳು ಹಿಡೀಲಿಲ್ಲ. ಎರಡೂವರೆ."

ಮೊಳೆಯ ಕೈಯಲ್ಲಿ ಟೀ ಹಾಗೇ ನಿಂತಿತು. "ಮತ್ತೆ ಹೇಳೋದಲ್ವೇನೋ!"

"ಹೇಳಬೇಕು ಅಂತಾನೇ ಇದ್ದೆ. ನಿಂಗೆ ಅವಮಾನ ಆಗುತ್ತಲ್ಲ, ಮೊದಲು ಸೀಸನ್ ಮುಗೀಲಿ ಅಂದ್ಕೊಂಡೆ. ಆ ಸೀಸನ್ ಕಪ್ ಗೆದ್ವಿ. ಗೆದ್ದ ಮೇಲೆ ಹೇಗೋ ಹೇಳೋದು? ಹುಡುಗರು ಕಪ್ ತಬ್ಕೊಂಡು ಮಲಗಿದ್ರು." ಅವನು ಮೂಗೊರೆಸಿಕೊಂಡ. "ಅಲ್ಲಿಂದ ಒಂದೊಂದು ವರ್ಷಾನೂ ಕಷ್ಟ ಆಗ್ತಾ ಹೋಯ್ತು. ಅಂತೂ ಸಿಕ್ಕಿಬಿದ್ದೆ. ಶಿಕ್ಷೆ ಆಗ್ಲಿ, ಒಂದು ಭಾರ ಇಳಿಯುತ್ತೆ ಅಂತ ಕೂತಿದ್ದೆ. ನಿನ್ನ ಹೆಸರು ಮಾತ್ರ ಬರಬಾರ್ದಿತ್ತು. ಬೇಡ ಅಂತ ತಲೆ ಆಡಿಸಿದ್ರೆ ನೀನು ಹರಿಶ್ಚಂದ್ರನ ಮೊಮ್ಮಗನ ಹಾಗೆ ಬಾಯಿ ಬಿಟ್ಟೆ."

ಮೊಳೆಗೆ ಸಿಟ್ಟು ಬಂತು. ಸಿಟ್ಟಿಗಿಂತ ಹೆಚ್ಚಾಗಿ ದುಃಖವೂ ಆಯಿತು. ಹಿಮ್ಮಡಿ ಎತ್ತಿದ ಆ ಹುಡುಗನನ್ನು ಎಷ್ಟು ಸುಲಭವಾಗಿ ಬೈಯಬಹುದಾಗಿತ್ತು ಎಂದು ನೆನೆದ. ಈ ಬಿಳಿ ತಲೆಯವನಿಗೆ ಏನೆಂದು ಬೈಯುವುದು?

ಏಣಿ ಲೋಟ ಕೆಳಗಿಟ್ಟು ಎದ್ದ. "ಇಲ್ಲೇ ಇರು," ಎಂದು ಮತ್ತೆ ಲೀಗ್ ಕಚೇರಿಯ ಮೆಟ್ಟಿಲು ಹತ್ತಿದ. ಮಂಡಿ ನೋವಿನವನು ಎರಡೆರಡು ಮೆಟ್ಟಿಲು ಹತ್ತುವುದನ್ನು ಮೊಳೆ ನೋಡುತ್ತ ನಿಂತ.

ಹತ್ತೇ ನಿಮಿಷಕ್ಕೆ ಇಳಿದು ಬಂದ.

"ಏನಂದ್ರು?"

"ಪ್ರಕಟಣೆ ಹೋಗಿದೆಯಂತೆ. ಮುಗಿದ ವಿಷಯ ಕೆದಕಬೇಡಿ ಸರ್ ಅಂದ್ರು ಆಯಮ್ಮ. ಗೊತ್ತಿತ್ತು ಅಂತ ಬರೆದು ಕೊಡ್ತೀನಿ ಅಂದೆ. ಕಾಗದ ಇಲ್ಲ ಅಂದ್ರು."

"ಅಷ್ಟು ದೊಡ್ಡ ಆಫೀಸಲ್ಲಿ ಕಾಗದ ಇಲ್ವಂತಾ?"

"ಕಪ್ಪುಗಳನ್ನಾದ್ರೂ ವಾಪಸ್ ತಗೊಳ್ಳಿ ಅಂದೆ. ಇಡೋಕೆ ಜಾಗ ಇಲ್ವಂತೆ." ಏಣಿ ನಗಲು ನೋಡಿದ, ಆಗಲಿಲ್ಲ. "ನಾನು ಈ ಫೈನಲ್‌ಗೆ ಬರಲ್ಲ. ಯಾವ ಪಂದ್ಯಕ್ಕೂ ಬರಲ್ಲ. ಅದಕ್ಕೆ ಅವರ ಅಪ್ಪಣೆ ಏನೂ ಬೇಕಾಗಿಲ್ಲವಲ್ಲ."

ಮೊಳೆ ಮನೆಗೆ ಹೋಗಿ ನೇರ ವರ್ಕ್‌ಶಾಪಿನ ಕಿಟಕಿಯ ಬಳಿ ನಿಂತ. ಗಾಳಿಗೆ ಬಡಿಯಬಾರದೆಂದು ಕದದ ಕೆಳಗೆ ವರ್ಷಗಳಿಂದ ಸಿಕ್ಕಿಸಿದ್ದ ಮರದ ತುಂಡನ್ನು ಎಳೆದು ತೆಗೆದ. ಧೂಳು ಊದಿದ. ತೇಗ, ಮೂರು ಸೆಂಟಿಮೀಟರ್ ಉದ್ದ, ನಡುವೆ ಕೊರೆದ ತೂತು. ಹಿಂದಿನಿಂದ ಕಿಟಕಿ ದಢಾರ್ ಎಂದಿತು.

"ಅದನ್ಯಾಕ್ರೀ ಕಿತ್ತಿದ್ದು?" ಎಂದು ಹೆಂಡತಿ ಒಳಗಿನಿಂದ ಕೂಗಿದಳು. "ಇನ್ನು ದಿನವಿಡೀ ಬಡ್ಕೊಳ್ಳುತ್ತೆ!"

"ಬಡ್ಕೊಳ್ಳಲಿ ಬಿಡೇ," ಎಂದ ಮೊಳೆ.

ಮಾರನೆಯ ದಿನ ಮಧ್ಯಾಹ್ನ ಏಣಿ ಹಾಲ್‌ನ ಕೀಲಿ ಒಪ್ಪಿಸುವವನಿದ್ದ. ಮೊಳೆ ಹೋದಾಗ ಒಳಗೆ ಬೇರೆ ಯಾರೂ ಇರಲಿಲ್ಲ. ಎತ್ತರದ ಕಿಟಕಿಗಳಿಂದ ಬಿದ್ದ ಬಿಸಿಲು ನೆಲದ ಗೆರೆಗಳ ಮೇಲೆ ಮಲಗಿತ್ತು. ಹೊಸ ಸ್ಟೀಲ್ ಕೋಲು ಮೂಲೆಯಲ್ಲಿ ಹೊಳೆಯುತ್ತಿತ್ತು. ನೆಟ್ಟನ್ನು ಬೆಳಿಗ್ಗೆಯೇ ಮೂರು ಸೆಂಟಿಮೀಟರ್ ಏರಿಸಿದ್ದರು. ಬೆಳಗಿನ ಅಭ್ಯಾಸದಲ್ಲಿ ಹುಡುಗರ ಹೊಡೆತವೆಲ್ಲ ನೆಟ್ಟಿಗೇ ಸಿಕ್ಕಿತೆಂದು ಏಣಿ ಹೇಳಿದ. ಹೇಳುವಾಗ ಅವನಿಗೆ ಅಳು ಬರುವ ಹಾಗಿತ್ತು.

ಮೊಳೆ ಏನೂ ಹೇಳದೆ ರೆಫರಿಯ ಸ್ಟೂಲನ್ನು ಎಳೆದು ತಂದು ನೆಟ್ಟಿನ ಪಕ್ಕ ಇಟ್ಟ. "ನಿಂತ್ಕೋ," ಎಂದ.

ಏಣಿ ಒಂದು ಕ್ಷಣ ನೋಡಿದ. ಆಮೇಲೆ ಶೂ ಬಿಚ್ಚಿ, ನೆಟ್ಟಿನ ಕೆಳಗೆ ನಿಂತು, ಬಲಗೈ ಎತ್ತಿದ. ಮೊಳೆ ಸ್ಟೂಲ್ ಹತ್ತಿ ಅವನ ಬೆರಳ ತುದಿಯ ಮೇಲೆ ತನ್ನ ನಾಲ್ಕು ಬೆರಳು ಅಡ್ಡ ಇಟ್ಟ. ನೆಟ್ಟು ಇನ್ನೂ ಮೇಲೆ ಉಳಿಯಿತು. ಜೇಬಿನಿಂದ ತೇಗದ ತುಂಡು ತೆಗೆದು ಬೆರಳುಗಳ ಮೇಲೆ ನಿಲ್ಲಿಸಿದ. ಆಗಲೂ ಚೂರು ಸಾಲದಾಯಿತು.

"ನೆಟ್ಟು ಜಾಸ್ತಿ ಏರಿಸಿದಾರೇನೋ?" ಎಂದ ಏಣಿ.

"ಇಲ್ಲ ಕಣೋ. ಸರಿಯಾಗೇ ಇದೆ. ವಯಸ್ಸಾಯ್ತಲ್ಲ, ನಾವೇ ಕುಗ್ಗಿದೀವಿ."

ಏಣಿ ಕೈ ಇಳಿಸದೆ ತಲೆ ಎತ್ತಿ ಆ ಸಂದನ್ನು ನೋಡಿದ.

"ಹಿಮ್ಮಡಿ ಎತ್ತೋ," ಎಂದ ಮೊಳೆ ಮೆಲ್ಲಗೆ. "ಇವತ್ತೊಂದಿನ ಎತ್ತು. ನಾನು ನೋಡಲ್ಲ."

ಹೇಳಿದವನೇ ತಡೆಯಲಾಗದೆ ಸ್ಟೂಲಿನ ಮೇಲಿಂದ ಬಗ್ಗಿ ಕೆಳಗೆ ನೋಡಿದ. ಬಿಸಿಲು ಬಿದ್ದ ಗೆರೆಯ ಪಕ್ಕದಲ್ಲಿ, ಸಾಕ್ಸು ತೂತಾದ ಆ ಎರಡು ಹಿಮ್ಮಡಿಗಳು ನೆಲಕ್ಕೆ ಒತ್ತಿಕೊಂಡೇ ಇದ್ದವು.