ತೆಳ್ಳಗಿನವನ ಕೊಬ್ಬು

ಮದುವೆಗೆ ಹೊಲಿಸಿದ ಪ್ಯಾಂಟು ಇಪ್ಪತ್ತೆರಡು ವರ್ಷದ ಮೇಲೂ ನಜರ್‌ಬಾದಿನ ವಿಶ್ವನಾಥನಿಗೆ ಹಿಡಿಸುತ್ತಿತ್ತು. ಐವತ್ತಾರು ಕೆಜಿಯ ಆಸಾಮಿ. ಬೆಲ್ಟಿನ ಮೇಲೆ ಮಡಕೆಯಂಥ ಹೊಟ್ಟೆಯೊಂದು ಇಣುಕುತ್ತಿತ್ತು ನಿಜ. ಅದನ್ನವನು ಗ್ಯಾಸು ಎಂದು ಕರೆದು ಮರ್ಯಾದೆಯಿಂದ ನಡೆಸಿಕೊಂಡಿದ್ದ. ಮೈಯಲ್ಲಿ ಕಾಣದ ಕೊಬ್ಬು ನಾಲಗೆಯಲ್ಲಿ ಧಾರಾಳವಾಗಿತ್ತು. ಹಿನಕಲ್ಲಿನಿಂದ ಅಕ್ಕ ದಾಕ್ಷಾಯಣಮ್ಮ ಬಂದು ಮೆಟ್ಟಿಲು ಹತ್ತಿದರೆ ಸಾಕು, "ನಿಧಾನ ಕಣಕ್ಕ, ಕೆಳಗಡೆ ಮನೆಯೋರು ತಾರಸಿ ನೋಡ್ಕೋತಾವ್ರೆ" ಎನ್ನುವನು. ಅಕ್ಕ ನಗುವಳು. ಎಂಬತ್ತು ಕೆಜಿಯ ಹೆಂಗಸು ಕೋಪಿಸಿಕೊಂಡರೆ ಅದಕ್ಕೂ ಒಂದು ಜೋಕು ತಯಾರಿರುತ್ತಿತ್ತು.

ಶ್ರಾವಣಕ್ಕೆ ಮುಂಚೆ ಅವನ ಒಬ್ಬಳೇ ಮಗಳು ಲಾಸ್ಯಳ ಕಣ್ಣು ಹಳದಿಯಾಯಿತು. ಆಸ್ಪತ್ರೆಯಲ್ಲಿ ಡಾಕ್ಟರ್ ಸಮನ್ವಿತಾ, ಲಿವರ್ ಕೈಕೊಟ್ಟಿದೆ, ಮನೆಯವರಲ್ಲಿ ಒಬ್ಬರು ತಮ್ಮ ಲಿವರಿನ ತುಂಡು ಕೊಡಬೇಕು ಎಂದರು. ತಾಯಿ ಶುಭಾಳ ರಕ್ತದ ಗುಂಪು ಹೊಂದಲಿಲ್ಲ. ಅಪ್ಪನದು ಹೊಂದಿತು.

"ಲಿವರ್ ಜೊತೆ ಅಪ್ಪನ ಜೋಕೂ ಬರುತ್ತಾ ಡಾಕ್ಟ್ರೇ? ಹಂಗಿದ್ರೆ ಬೇಡ" ಎಂದಳು ಲಾಸ್ಯ.

ಸ್ಕ್ಯಾನು ಬೇರೆ ಮಾತಾಡಿತು. ಅವನ ಲಿವರಿನ ಮೂರನೇ ಒಂದು ಭಾಗ ಬರೀ ಕೊಬ್ಬು.

"ಯಾರ್ದೋ ರಿಪೋರ್ಟ್ ಇರ್ಬೇಕು ಮೇಡಂ. ನನ್ನ ನೋಡಿ, ಗಾಳಿಗೆ ಹಾರೋಗ್ತೀನಿ."

"ಕೊಬ್ಬು ಅಂದ್ರೆ ಬರೀ ಗೋದಾಮಲ್ಲ ವಿಶ್ವನಾಥ್ ಅವರೇ. ಅದು ರಕ್ತಕ್ಕೆ ಪ್ರೋಟೀನ್ ಬಿಡ್ತಾ ಇರುತ್ತೆ. ಅಡಿಪೊನೆಕ್ಟಿನ್ ಅಂತ ಒಂದಿದೆ, ಸಕ್ಕರೆನ ಹದ್ದುಬಸ್ತಲ್ಲಿಡುತ್ತೆ, ಲಿವರಲ್ಲಿ ಕೊಬ್ಬು ಕೂರದಂಗೆ ಕಾಯುತ್ತೆ. ಸೊಂಟ, ತೊಡೆ ಚರ್ಮದಡಿ ಕೊಬ್ಬಿದ್ರೆ ಆ ಪ್ರೋಟೀನ್ ಸಾಕಷ್ಟಿರುತ್ತೆ. ಕರುಳ ಸುತ್ತ ಕೊಬ್ಬು ಕೂತ್ರೆ ಆ ಪ್ರೋಟೀನ್ ಕಮ್ಮಿಯಾಗಿ, ಉರಿಯೂತ ತರೋ ಪ್ರೋಟೀನ್‌ಗಳು ಜಾಸ್ತಿಯಾಗ್ತವೆ. ನಿಮಗೆ ಇರ್ಬೇಕಾದ ಕಡೆ ಇಲ್ಲ, ಇರಬಾರದ ಕಡೆ ಇದೆ."

ಆರು ವಾರ ಪಥ್ಯ ಎಂದರು. ಸಿಹಿ, ತುಪ್ಪ, ಮೈದಾ, ರವೆ ಬೇಡ, ದಿನಾ ನಡೆಯಬೇಕು. ಲಿವರಿನ ಕೊಬ್ಬು ಇಳಿದರೆ ಅವನೇ ಕೊಡಬಹುದು.

ಸುದ್ದಿ ತಿಳಿದ ಅಕ್ಕ ಅಂದೇ ಬಂದಳು. "ನಂದೂ ಅದೇ ರಕ್ತ ಕಣೋ. ನಾನು ಕೊಡ್ತೀನಿ."

"ಬುಡಕ್ಕ, ತೆಳ್ಳಗಿರೋ ನನ್ನದೇ ಆಗಲ್ಲ ಅಂದವ್ರೆ. ನಿನ್ನ ಲಿವರ್ ಹುಡುಕಕ್ಕೆ ಡಾಕ್ಟ್ರಿಗೆ ಮ್ಯಾಪ್ ಬೇಕು."

ಅಕ್ಕ ನಕ್ಕು, ಲಾಸ್ಯಳ ತಲೆ ಸವರಿ ಹೋದಳು. ಡಾಕ್ಟರಿಗೆ ಆ ಮಾತು ಮುಟ್ಟಲೇ ಇಲ್ಲ.

ವಿಶ್ವನಾಥ ಪಥ್ಯವನ್ನು ವ್ರತವಾಗಿ ಏರಿಸಿದ. ಶ್ರಾವಣ ಸೋಮವಾರದ ಒಪ್ಪತ್ತನ್ನು ವಾರದ ಏಳೂ ದಿನಕ್ಕೆ ವಿಸ್ತರಿಸಿದ. ಹಗಲೆಲ್ಲ ಖಾಲಿ ಹೊಟ್ಟೆ. ಸಂಜೆ ಪೂಜೆ ಮುಗಿದ ಮೇಲೆ ಫಲಾರ: ತುಪ್ಪ ಸುರಿದ ಸಜ್ಜಿಗೆ, ಬೆಲ್ಲದ ಅವಲಕ್ಕಿ, ಸಬ್ಬಕ್ಕಿ ಪಾಯಸ, ನಾಲ್ಕು ರಸಬಾಳೆ. ಅನ್ನ ಮುಟ್ಟದಿದ್ದರೆ ಉಪವಾಸ ಎಂಬುದು ಅವನ ಮನೆತನದ ಸಂವಿಧಾನ, ಅದಕ್ಕೆ ತಿದ್ದುಪಡಿಯಿಲ್ಲ.

"ರವೆ ಬೇಡ ಅಂದಿದ್ರಲ್ರೀ ಡಾಕ್ಟ್ರು?" ಎಂದಳು ಶುಭಾ.

"ಅದು ಊಟಕ್ಕೆ ಕಣೇ. ಇದು ಫಲಾರ."

ಹಸಿದು ಸುಸ್ತಾದವನಿಗೆ ನಡೆಯಲು ಕಾಲು ಬರಲಿಲ್ಲ. ಆದರೂ ಎರಡು ಕೆಜಿ ಇಳಿದ. ಕೆನ್ನೆ ಒಳಗೆ ಹೋಯಿತು. ಮಗಳಿಗಾಗಿ ಸವೆಯುತ್ತಿದ್ದೇನೆ ಎಂದು ಕನ್ನಡಿ ನೋಡಿದಾಗಲೆಲ್ಲ ಅವನ ಕಣ್ಣು ತುಂಬುತ್ತಿತ್ತು.

ಆರು ವಾರಕ್ಕೆ ಮತ್ತೆ ಸ್ಕ್ಯಾನು. ಕೊಬ್ಬು ಇಳಿಯುವುದಿರಲಿ, ತುಸು ಏರಿತ್ತು. ಏನೇನು ತಿಂದಿರಿ ಎಂದು ಕೇಳಿದ ಡಾಕ್ಟರು ಉತ್ತರ ಕೇಳಿ ಪೆನ್ನು ಕೆಳಗಿಟ್ಟರು.

"ಕಾಯೋಕೆ ಟೈಮಿಲ್ಲ. ರಕ್ತ ಸಂಬಂಧದಲ್ಲಿ ಇನ್ಯಾರೂ ಇಲ್ವಾ?"

ಶುಭಾ ಗಂಡನ ಮುಖ ನೋಡದೆ ಅಲ್ಲೇ ಹಿನಕಲ್ಲಿಗೆ ಫೋನು ಮಾಡಿದಳು. ಅಕ್ಕನ ಪರೀಕ್ಷೆಗಳಿಗೆ ನಾಲ್ಕು ದಿನ ಹಿಡಿಯಿತು. ಅದೇ ನಾಲ್ಕು ದಿನದಲ್ಲಿ ಲಾಸ್ಯಳಿಗೆ ಜ್ವರ ಏರಿ, ಐಸಿಯುಗೆ ಒಯ್ದರು.

ಐದನೇ ದಿನ ಡಾಕ್ಟರು ಹೊರಗೆ ಬಂದರು. "ದಪ್ಪಗಿರೋರಿಗೆಲ್ಲ ಹಿಂಗಿರಲ್ಲ. ಆದರೆ ನಿಮ್ಮಕ್ಕಂದು ಸೊಂಟದ ಕೊಬ್ಬು, ಒಳಗೆ ಲಿವರ್ ಶುದ್ಧವಾಗಿದೆ. ಆರು ವಾರದ ಹಿಂದೆನೇ ಇವರನ್ನ ಯಾಕೆ ಕರ್ಕೊಂಡು ಬರಲಿಲ್ಲ?"

ಶುಭಾ ಗಂಡನ ಕಡೆ ತಿರುಗಿದಳು. ಡಾಕ್ಟರು ಮುಂದುವರಿಸಿದರು.

"ಈಗ ಮಗು ರಕ್ತಕ್ಕೆ ಸೋಂಕು ಹತ್ತಿದೆ. ಅದು ಇಳಿಯೋವರೆಗೂ ಆಪರೇಷನ್ ಮಾಡಕ್ಕಾಗಲ್ಲ. ಇಳಿಯುತ್ತೆ ಅಂತ ನಾನು ಭರವಸೆ ಕೊಡಲ್ಲ."

ಡಾಕ್ಟರು ಒಳಗೆ ಹೋದರು. ಶುಭಾ ಐಸಿಯು ಬಾಗಿಲಿನ ಗಾಜಿಗೆ ಹಣೆ ಒತ್ತಿ ನಿಂತಳು. ಅಕ್ಕ ಬೆಂಚಿನ ಮೇಲೆ ಕೂತಳು. ವಿಶ್ವನಾಥ ಉಳಿದ ಜಾಗದಲ್ಲಿ ಕೂತ.

"ನಾನು ಅವತ್ತೇ ಕೊಡ್ತೀನಿ ಅಂದಿದ್ನಲ್ಲೋ" ಎಂದಳು ಅಕ್ಕ.

"ಅಂದಿದ್ದೆ ಕಣಕ್ಕ."

ಅಕ್ಕ ಸೆರಗಿನಲ್ಲಿ ಮುಖ ಒರೆಸಿಕೊಂಡಳು. "ನೀನು ತಮಾಷೆ ಮಾಡ್ದೆ. ನಾನು ನಕ್ಬುಟ್ಟು ಮನೆಗೋದೆ. ನಗಬಾರ್ದಾಗಿತ್ತು."