ಹಿಮ್ಮುಳ್ಳು ಒತ್ತಿದ ಗಾಳ

ನಾನೊಂದು ನೊಣ. ಇದು ನಾನು ಹೇಳುವ ಮೊದಲ ಸುಳ್ಳು. ನಿಜಕ್ಕೂ ನಾನೊಂದು ಗಾಳ. ಮೈಗೆ ನಾಟಿ ಹುಂಜದ ಕುತ್ತಿಗೆಯ ಗರಿ, ಸೊಂಟಕ್ಕೆ ಹಳದಿ ರೇಷ್ಮೆ ದಾರ. ಮೈಸೂರಿನಲ್ಲಿ ಗಡಿಯಾರ ರಿಪೇರಿ ಮಾಡುವ ಜಯಸಿಂಹ ಎನ್ನುವವರು ನನ್ನನ್ನು ಬಿಗಿಹಿಡಿಯುವ ಪುಟ್ಟ ವೈಸಿಗೆ ಸಿಕ್ಕಿಸಿ, ಕಣ್ಣಿಗೆ ಭೂತಗನ್ನಡಿ ಏರಿಸಿಕೊಂಡು ಕಟ್ಟಿದರು. ನೀರಿಗೆ ಬಿದ್ದಾಗ ಮೀನಿಗೆ ನಾನು ನೊಣವೆಂದೇ ಅನ್ನಿಸಬೇಕು. ಮೋಸಕ್ಕೆಂದೇ ಹುಟ್ಟಿದ ನಾನು ಇನ್ನೊಬ್ಬರನ್ನು ನಂಬುವುದಾದರೂ ಹೇಗೆ? ನಕ್ಕು ಮಾತಾಡಿಸುವವರನ್ನು ಕಂಡರಂತೂ ನನಗೆ ಮೈಯೆಲ್ಲ ಅನುಮಾನ.

ನನ್ನನ್ನೂ ನನ್ನ ಜೊತೆ ಕಟ್ಟಿದ ಇನ್ನೊಂದು ನೊಣವನ್ನೂ ಕೊಂಡವರು ವಿದ್ಯಾಧರ. ವಿಮಾ ಕಂಪನಿಗೆ ಬರುವ ಅಪಘಾತದ ಅರ್ಜಿಗಳಲ್ಲಿ ಸುಳ್ಳು ಹುಡುಕುವುದು ಅವರ ಕೆಲಸ. ಜಯಸಿಂಹರು ಕೊಟ್ಟ ಡಬ್ಬಿಯನ್ನೇ ಮೂರು ಸಲ ತೆರೆದು ನೋಡಿದರು. ಸರಿ, ನನಗೆ ತಕ್ಕ ಯಜಮಾನ ಸಿಕ್ಕಿದ ಅಂದುಕೊಂಡೆ.

ಒಂದು ಶನಿವಾರ, ರಜೆಯ ಎರಡು ದಿನ ಕಳೆಯಲು, ಕೊಳ್ಳೇಗಾಲದ ಕಡೆ ನದಿ ಕವಲೊಡೆದು ನಡುಗಡ್ಡೆಗಳನ್ನು ಸುತ್ತಿ ಹರಿಯುವಲ್ಲಿಗೆ ಬಂದೆವು. ಅಲ್ಲೊಂದು ಗಾಳದವರ ಕ್ಲಬ್ಬು. ಹಿಡಿದ ಮೀನನ್ನು ಜೀವಂತವಾಗಿ ನೀರಿಗೆ ಬಿಡಬೇಕೆನ್ನುವುದು ಅಲ್ಲಿಯ ಕಟ್ಟಳೆ. ಅದಕ್ಕಾಗಿ ಗಾಳದ ತುದಿಯಲ್ಲಿ ಹಿಂದಕ್ಕೆ ಚಾಚಿದ ಹಿಮ್ಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿಕೊಂಡೇ ಹೊರಡಬೇಕು. ಇಲ್ಲದಿದ್ದರೆ ಮೀನಿನ ಕಿವಿರು ಹರಿಯುತ್ತದೆ. ‘ಒತ್ತಿದ್ದೇನೆ’ ಎಂದು ವಿದ್ಯಾಧರ ಪುಸ್ತಕದಲ್ಲಿ ಸಹಿ ಹಾಕಿದರು. ಒತ್ತಿರಲಿಲ್ಲ. ದೊಡ್ಡ ಮೀನು ಜಾರಿಕೊಂಡರೆ ಎನ್ನುವ ಭಯ ಅವರಿಗೆ.

ನಮ್ಮ ತೆಪ್ಪ ನಡೆಸಿದವನು ಮರಿಗಂಗಯ್ಯ. ಹಿಂದೆ ಅದೇ ನೀರಿನಲ್ಲಿ ಬಲೆ ಬೀಸುತ್ತಿದ್ದವನು. ಬಲೆ ನಿಲ್ಲಿಸಿದ ಮೇಲೆ ಕ್ಲಬ್ಬಿನ ತೆಪ್ಪವೇ ಅವನ ಬದುಕು. ಹೋದ ತಿಂಗಳು ಅವನ ಪಾಲಿನ ನೀರಿನಲ್ಲಿ ಒಂದು ಬಿಳಿ ಮೀನು ಸತ್ತು ತೇಲಿತ್ತು.

“ಇನ್ನೊಂದು ಸತ್ತರೆ ಇವನು ಈ ನೀರಿಗೆ ಇಳಿಯೋ ಹಾಗಿಲ್ಲ. ಸ್ವಲ್ಪ ಕಣ್ಣಿಟ್ಟಿರಿ,” ಎಂದು ಕ್ಲಬ್ಬಿನ ಸೆಕ್ರೆಟರಿ ಅಚ್ಚಯ್ಯ ಅವನೆದುರಿಗೇ ವಿದ್ಯಾಧರರಿಗೆ ಹೇಳಿದರು. ವಿದ್ಯಾಧರ ಎರಡೂ ಕಣ್ಣಿಟ್ಟರು. ನಾನೂ ಇಟ್ಟೆ.

ಮೊದಲು ನೀರಿಗಿಳಿದದ್ದು ನನ್ನ ಜೊತೆಯ ನೊಣ. ಭಾರಿ ಮೀನೊಂದು ಅದನ್ನು ನುಂಗಿ, ದಾರ ಹರಿದುಕೊಂಡು ಹೋಗಿಬಿಟ್ಟಿತು. ವಿದ್ಯಾಧರ ಗೊಣಗುತ್ತ ದಾರಕ್ಕೆ ನನ್ನನ್ನು ಕಟ್ಟಿ, ನಡುಗಡ್ಡೆಯ ಪೊದೆಯ ಮರೆಗೆ ಹೋದರು. ಮರಿಗಂಗಯ್ಯ ಅತ್ತ ಇತ್ತ ನೋಡಿ ನನ್ನನ್ನು ಎತ್ತಿಕೊಂಡ. ಹೆಬ್ಬೆರಳಲ್ಲಿ ಸವರಿ, “ಅಯ್ಯೋ, ಮುಳ್ಳು ಹಂಗೇ ಅದಲ್ಲ!” ಎಂದು ಸೊಂಟದಿಂದ ಇಕ್ಕಳ ತೆಗೆದು ಒತ್ತಿಬಿಟ್ಟ. ಕಳ್ಳ! ನನ್ನ ಹಲ್ಲು ಮುರಿದು, ಆಮೇಲೆ ಆ ಮೀನಿಗೆ ತಾನೇ ಬಲೆ ಬೀಸುವ ಹುನ್ನಾರ ಎಂದು ಒಳಗೊಳಗೇ ಕುದಿದೆ.

ಹನ್ನೊಂದರ ಬಿಸಿಲಿಗೆ ಒಂದು ಬಿಳಿ ಮೀನು ನನ್ನನ್ನು ನುಂಗಿತು. ಅದು ಎಳೆದಾಡಿ ಸುಸ್ತಾಗಿ ತೆಪ್ಪದ ಬಳಿ ಬಂದಾಗ ಮರಿಗಂಗಯ್ಯ ಸೊಂಟದ ಮಟ್ಟ ನೀರಿಗಿಳಿದ. ಅವನು ಮುಟ್ಟಿದ್ದೇ ತಡ, ನಾನು ಸಲೀಸಾಗಿ ಕಳಚಿಕೊಂಡೆ. ಅವನು ಮೀನಿನ ತಲೆಯನ್ನು ಹರಿವಿಗೆ ಎದುರಾಗಿ ಹಿಡಿದು ತುಂಬಾ ಹೊತ್ತು ನಿಂತ. “ಹೋಗವ್ವ, ಹೋಗು,” ಅಂದ. ಅದು ಅವನ ಅಂಗೈ ನಡುವೆಯೇ ಉಸಿರಾಡಿಕೊಂಡಿದ್ದು, ಆಮೇಲೆ ಮೆಲ್ಲಗೆ ಆಳಕ್ಕೆ ಹೋಯಿತು. ನನಗೆ ನಾಚಿಕೆಯಾಯಿತು.

ನನ್ನನ್ನು ಟೋಪಿಗೆ ಸಿಕ್ಕಿಸಿಕೊಳ್ಳುವಾಗ ವಿದ್ಯಾಧರರಿಗೆ ಚಪ್ಪಟೆಯಾದ ಹಿಮ್ಮುಳ್ಳು ಕಂಡಿತು. ಅವನತ್ತ ಗುರಾಯಿಸಿದರು.

“ದೊಡ್ಡೋರ್ಗೆ ಎಂಗ್ ಯೋಳದು ಅಂತ ನಾನೇ ಒತ್ಬುಟ್ಟೆ ಬುದ್ದಿ. ತಪ್ಪು ತಿಳ್ಕೋಬ್ಯಾಡಿ,” ಎಂದ ಮರಿಗಂಗಯ್ಯ.

“ಆಯ್ತು ಬಿಡು. ಯಾರಿಗೂ ಹೇಳಬೇಡ.”

ಅವನು ಹೂಂಗುಟ್ಟಿದ.

ಸಂಜೆ ಕ್ಲಬ್ಬಿನ ಮೇಜಿನ ಮೇಲೆ, ಮರಿಗಂಗಯ್ಯನ ಪಾಲಿನ ನೀರಿನಲ್ಲಿ ತೇಲಿ ಸಿಕ್ಕ ಒಂದು ಸತ್ತ ಮೀನು ಮಲಗಿತ್ತು. ಕಿವಿರು ಹರಿದಿತ್ತು. ಅಲ್ಲಿ ಸಿಕ್ಕಿಕೊಂಡಿದ್ದುದು ನನ್ನ ಜೊತೆಯ ನೊಣ; ಅದರ ಹಿಮ್ಮುಳ್ಳು ನೆಟ್ಟಗೆ ನಿಂತಿತ್ತು. ಅಚ್ಚಯ್ಯ ವಿದ್ಯಾಧರರ ಟೋಪಿಯಿಂದ ನನ್ನನ್ನು ಬಿಡಿಸಿ, ಹತ್ತಿಯ ಮೇಲೆ ಎಳೆದು ಪರೀಕ್ಷಿಸಿದರು. ಒಂದೆಳೆಯೂ ಅಂಟಲಿಲ್ಲ.

“ನಿಮ್ಮದು ಸರಿಯಾಗಿದೆ,” ಎಂದು ಮರಿಗಂಗಯ್ಯನತ್ತ ತಿರುಗಿದರು. “ಹಳೇ ಚಾಳಿ ಬಿಡಲಿಲ್ಲ ಅಲ್ವಾ? ಯಾರೋ ಬೀಳಿಸಿಕೊಂಡ ಗಾಳ ಎತ್ತಿಕೊಂಡು ನೀನೇ ಹಾಕಿದ್ದೀಯ.”

“ಇಲ್ಲ ಬುದ್ದಿ, ಅದೂ ಇವರ್ದೇಯ! ಬೆಳಿಗ್ಗೆ ದಾರ ಕಿತ್ಕೊಂಡ್ ವೋಯ್ತು. ಇದ್ರ ಮುಳ್ಳ ಒತ್ತಿದ್ದು ನಾನು. ಬೇಕಾರೆ ಅವರ್ನೇ ಕೇಳಿ.”

ವಿದ್ಯಾಧರ ಅವನನ್ನು ನೋಡಲಿಲ್ಲ, ನನ್ನನ್ನು ನೋಡಿದರು. ಸುಳ್ಳು ಹಿಡಿದು ಹಿಡಿದು, ಸುಳ್ಳು ಎಷ್ಟು ಚಿಕ್ಕದಿರಬೇಕೆಂದು ಅವರಿಗೆ ಗೊತ್ತಿತ್ತು.

“ನಾನೇ ಒತ್ತಿದ್ದು,” ಅಂದರು.

ಮರಿಗಂಗಯ್ಯ ಸೊಂಟದ ಇಕ್ಕಳ ತೆಗೆದು ಮೇಜಿನ ಮೇಲಿಟ್ಟ. ಮೀನು ಉಳಿಸಲೆಂದು ಅವನು ಮಾಡಿದ ಕೆಲಸವೇ ಅವನ ವಿರುದ್ಧ ಸಾಕ್ಷಿಯಾಯಿತು, ಆ ಸಾಕ್ಷಿ ನಾನು. ನನಗೆ ಬಾಯಿದ್ದಿದ್ದರೆ ಕೂಗುತ್ತಿದ್ದೆ. ದಿನವೂ ನೀರಿನ ದಾರಿಯಲ್ಲೇ ಮನೆಗೆ ಹೋಗುತ್ತಿದ್ದವನು ಅಂದು ರಸ್ತೆ ಹಿಡಿದು ನಡೆದು ಹೋದ. ಮತ್ತೆ ಅವನನ್ನು ಆ ಕಡೆ ಕಂಡವರಿಲ್ಲ.

ಈಗ ನನಗೆ ವಯಸ್ಸಾಗಿದೆ. ಗರಿ ಉದುರಿ ಮೈ ಬೋಳಾಗಿದೆ. ಕ್ಲಬ್ಬಿನ ಗೋಡೆಯ ಗಾಜಿನ ಪೆಟ್ಟಿಗೆಯಲ್ಲಿ ನನ್ನನ್ನು ಕೂರಿಸಿದ್ದಾರೆ. ಕೆಳಗೊಂದು ಚೀಟಿ: ‘ಸರಿಯಾಗಿ ಒತ್ತಿದ ಗಾಳಕ್ಕೆ ಮಾದರಿ. ಕೊಟ್ಟವರು: ಶ್ರೀ ವಿದ್ಯಾಧರ.’ ಹೊಸಬರು ಬಂದು ಓದುತ್ತಾರೆ, ತಲೆದೂಗುತ್ತಾರೆ, ಹೋಗುತ್ತಾರೆ. ಅನುಮಾನ ಪಡಬಾರದವನ ಮೇಲೆ ಅನುಮಾನ ಪಟ್ಟ ತಪ್ಪು ನನ್ನದೂ ಹೌದು, ಅದು ಚುಚ್ಚುತ್ತಲೇ ಇದೆ. ಈಗ ನನಗಿರುವುದು ಒಂದೇ ಆಸೆ. ಬಂದವರಲ್ಲಿ ಒಬ್ಬರಾದರೂ ಆ ಚೀಟಿಯನ್ನು ನಂಬದೆ ನಿಲ್ಲಲಿ.